ಮೂರನೇ ಗಂಟೆ

“ಮೂರನೇ ಗಂಟೆನಾ? ಅದು ನಮ್ದಲ್ಲಮ್ಮ, ಪಕ್ಕದ ಸ್ಕೂಲಿಂದು,” ಎಂದು ಮುದುಕ ನಕ್ಕ. ಊರಿನ ಹಳೇ ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದವನು ಅವನು. “ಆಟಕ್ಕೆ ಮುಂಚೆ ನಾವು ಹೊಡೀತಿದ್ದದ್ದು ಎರಡೇ. ಮ್ಯಾಟಿನಿ ಹೊತ್ತಿಗೆ ಸರಿಯಾಗಿ ಸ್ಕೂಲ್ ಗಂಟೆನೂ ಬೀಳೋದು. ಜನ ಅದನ್ನೂ ಸೇರಿಸಿ ಮೂರು ಅಂದ್ಕೊಂಡ್ರು.”

ಲೈಬ್ರರಿ ಅಕ್ಕನ ಪೆನ್ನು ನಿಂತುಹೋಯಿತು.

ನಿವೃತ್ತಳಾಗಿ ಆರು ವರ್ಷವಾದರೂ ಊರಿಗೆಲ್ಲ ಅವಳು ಲೈಬ್ರರಿ ಅಕ್ಕನೇ. ಊರಿನ ಬಾರುಗಳ ನಡುವೆ ನಡೆಯುವ ಕ್ವಿಜ್ ಲೀಗಿಗೆ ಹದಿನೆಂಟು ವರ್ಷದಿಂದ ಪ್ರಶ್ನೆ ತೆಗೆಯುವವಳೂ ಅವಳೇ. ಸುತ್ತಿಗೊಂದು ವಿಷಯ: ಒಮ್ಮೆ ನದಿಗಳು, ಒಮ್ಮೆ ಬೀಗಗಳು, ಒಮ್ಮೆ ಸೋತ ರಾಜರು. ಪುಸ್ತಕದಲ್ಲಿ ಕಣ್ಣಾರೆ ನೋಡದೆ ಒಂದು ಉತ್ತರವನ್ನೂ ಬರೆದವಳಲ್ಲ. ಈ ಸಲದ ಫೈನಲ್‌ಗೆ ‘ಈಗ ಕೇಳಿಸದ ಸದ್ದುಗಳು’ ಎಂದು ವಿಷಯ ಇಟ್ಟುಕೊಂಡಿದ್ದಳು. ಅದು ಯಾವ ಪುಸ್ತಕದಲ್ಲೂ ಸಿಗದ್ದರಿಂದ ಮನೆಮನೆ ಅಲೆಯುತ್ತಿದ್ದಳು.

ಆಟಕ್ಕೆ ಮುಂಚೆ ಟಾಕೀಸಿನಲ್ಲಿ ಎಷ್ಟು ಗಂಟೆ ಹೊಡೆಯುತ್ತಿದ್ದರು ಎಂಬ ಪ್ರಶ್ನೆಯನ್ನು ಏಳು ವರ್ಷದ ಹಿಂದೆಯೂ ಕೇಳಿದ್ದಳು. ಆವತ್ತೂ ಫೈನಲ್. ಲೇತ್ ಮೆಷಿನ್ ಮೇಲೆ ಕೆಲಸ ಮಾಡುವ ಅವಳ ತಮ್ಮ “ಎರಡು” ಅಂದಿದ್ದ. ಊರಿನ ಸ್ಮರಣ ಸಂಚಿಕೆಯಲ್ಲಿ ಮೂರು ಎಂದಿತ್ತು. ಅವಳು ತಪ್ಪು ಎಂದಳು. ಒಂದೇ ಅಂಕದಲ್ಲಿ ಅವನ ತಂಡಕ್ಕೆ ಕಪ್ ತಪ್ಪಿತು.

“ಕಿವಿಯಾರೆ ಕೇಳಿದೀನಿ ಅಕ್ಕ.”

“ನಿನ್ನ ಪಕ್ಕದಲ್ಲೇ ಕೂತಿದ್ದೆ ಕಣೋ ನಾನು. ಸುಳ್ಳು ಸಾಧಿಸಬೇಡ.”

ಎಲ್ಲರೆದುರು ಸುಳ್ಳ ಅನ್ನಿಸಿಕೊಂಡವನು ಆಮೇಲೆ ಅವಳ ಹೊಸ್ತಿಲು ತುಳಿಯಲಿಲ್ಲ. ಕ್ವಿಜ್‌ಗೆ ಬಂದರೂ ಉತ್ತರದ ಚೀಟಿಯನ್ನು ಬೇರೆಯವರ ಕೈಲಿ ಕಳಿಸುತ್ತಿದ್ದ.

ಮುದುಕನ ಮನೆಯಿಂದ ವಾಪಸು ಬರುವಾಗ ಅವಳಿಗೆ ಟಾಕೀಸಿನ ಮರದ ಬೆಂಚುಗಳು, ಬೆವರುತ್ತಿದ್ದ ತಮ್ಮನ ಪುಟ್ಟ ಕೈ, ಕತ್ತಲಾದಾಗ ಅವನು ತನ್ನ ತೋಳಿಗೆ ಅಂಟಿಕೊಳ್ಳುತ್ತಿದ್ದದ್ದು ಎಲ್ಲ ನೆನಪಾಯಿತು. ಅವಳು ನೋಡಿದ್ದೆಲ್ಲ ಮ್ಯಾಟಿನಿಯೇ. ಹುಡುಗಿ ಎಂದು ಸಂಜೆ ಆಟಕ್ಕೆ ಕಳಿಸುತ್ತಿರಲಿಲ್ಲ. ಸ್ವಲ್ಪ ದೊಡ್ಡವನಾದ ಮೇಲೆ ತಮ್ಮ ಸ್ನೇಹಿತರ ಜೊತೆ ಸಂಜೆ ಆಟಕ್ಕೇ ಹೋಗುತ್ತಿದ್ದ. ಅಷ್ಟು ಹೊತ್ತಿಗೆ ಸ್ಕೂಲಿಗೆ ಬೀಗ.

ಪ್ರಶ್ನೆಪಟ್ಟಿ ನೋಡಿದ ಲೀಗಿನ ಕಾರ್ಯದರ್ಶಿ, ವೃತ್ತಿಯಲ್ಲಿ ಕ್ಷೌರಿಕ, ಕತ್ತರಿ ಕೆಳಗಿಟ್ಟ. “ಹಳೇ ಗಾಯ ಯಾಕಕ್ಕಾ ಕೆರೀತೀರಿ?”

“ಗಾಯ ಮಾಡಿದವಳು ನಾನೇ ಅಲ್ವೇನಪ್ಪ.”

ಭಾನುವಾರ ಸಂಜೆ ಬಾರಿನ ಮೇಲಂತಸ್ತು ತುಂಬಿತ್ತು. ಕೊನೆಯ ಪ್ರಶ್ನೆಯಾಗಿ ಟಾಕೀಸಿನ ಗಂಟೆಯದನ್ನೇ ಓದಿದಳು. ಚೀಟಿಗಳು ಬಂದವು. ತಮ್ಮನ ತಂಡದ ಚೀಟಿಯಲ್ಲಿ ಅವನದೇ ದುಂಡು ಅಕ್ಷರ: ‘ಮೂರು’.

ತಲೆಯೆತ್ತಿದಳು. ಅವನು ಗ್ಲಾಸನ್ನೇ ನೋಡುತ್ತಿದ್ದ.

“ಸರಿ ಉತ್ತರ ಎರಡು,” ಎಂದಳು. “ಏಳು ವರ್ಷದ ಹಿಂದೆ ನನ್ನ ತಮ್ಮ ಸರಿಯಾಗೇ ಹೇಳಿದ್ದ. ತಪ್ಪು ಹೇಳಿದ್ದು ನಾನು. ಅವನನ್ನ ಸುಳ್ಳ ಅಂದದ್ದೂ ನನ್ನ ತಪ್ಪೇ.”

ತಮ್ಮನ ಟೇಬಲ್ಲಿನಿಂದಲೇ ಕೂಗು ಎದ್ದಿತು: “ಹಾಳಾದವನೇ! ಎರಡು ಅಂತ ನಾವು ಬಾಯ್ಬಾಯಿ ಬಡ್ಕೊಂಡ್ವಲ್ಲೋ!” ಕಪ್ ಮತ್ತೆ ಪಕ್ಕದ ಟೇಬಲ್ಲಿಗೆ ಹೋಯಿತು.

ಜನ ಕರಗಿದ ಮೇಲೆ ಅವಳು ಕಾಗದಗಳನ್ನು ಜೋಡಿಸುತ್ತಿದ್ದಾಗ ಅವನು ಬಂದು ನಿಂತ.

“ಗೊತ್ತಿದ್ದೂ ಯಾಕೋ ಮೂರು ಅಂತ ಬರೆದೆ?”

“ನಿನ್ನ ಹತ್ರ ಮತ್ತೆ ಜಗಳ ಯಾಕೆ ಅಂತ.”

“ಎರಡು ಸಲ ಕಪ್ ಕಳ್ಕೊಂಡೆಯಲ್ಲೋ ಮಂಕೇ.”

“ಬಿಡು, ನಮ್ಮನೇಲಿ ಅದನ್ನ ಇಡೋಕೆ ಜಾಗಾನೂ ಇಲ್ಲ.”

ನಗು ಬಂದು ಅವಳಿಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳಬೇಕಾಯಿತು.

ಹೊರಗೆ ಇನ್ನೂ ಬೆಳಕಿತ್ತು. ರಸ್ತೆಯಲ್ಲಿ ಬಸ್ಸುಗಳ ಓಡಾಟ. ಅವನು ಬಸ್ಸುಗಳ ಕಡೆಗೆ ಸರಿದು ಅವಳನ್ನು ಒಳಬದಿಗೆ ಬಿಟ್ಟ. ಇಬ್ಬರೂ ನಡೆದರು. ಅವಳ ಬೀದಿಯ ತಿರುವು ಬಂದಾಗ ಅವನೇ ಮೊದಲು ಅವಳ ಮನೆಯ ಕಡೆಗೆ ತಿರುಗಿದ.