ಬಟ್ಟೆಗೆ ಚುಚ್ಚಿದ ಪದಗಳು

ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ಎರಡು ಸಲವೂ ನನ್ನನ್ನು ಮುಳುಗಿಸಿದ್ದು ಪದಸಂಪತ್ತಿನ ಪತ್ರಿಕೆ. ಗಣಿತದಲ್ಲಿ ನೂರಕ್ಕೆ ತೊಂಬತ್ತು, ಪದಗಳಲ್ಲಿ ಮೂವತ್ತೊಂದು. ಮೂರನೆಯ ಸಲವೇ ಕೊನೆ, ಆಮೇಲೆ ಬರೆಯಲು ಬಿಡುವುದಿಲ್ಲ. ಅದೂ ಹೋದರೆ ಆಯುಷ್ಯವಿಡೀ ಅಮ್ಮನ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆಯೇ ಗತಿ. ಇಸ್ತ್ರಿಪೆಟ್ಟಿಗೆಗೆ ನನ್ನ ಮೇಲೆ ಯಾವ ಹಗೆಯೂ ಇಲ್ಲ, ನನಗೆ ಅದರ ಮೇಲಿದೆ.

ಎರಡು ಸಾವಿರ ಪದಗಳ ಪುಸ್ತಕವೊಂದನ್ನು ತಂದಿದ್ದೆ. ಅದನ್ನು ಬರೆದ ಪುಣ್ಯಾತ್ಮ ಮನೆಯಲ್ಲಿ ಊಟ ಕೇಳುವುದಕ್ಕೂ ಅವೇ ಪದಗಳನ್ನು ಬಳಸಿದ್ದರೆ ಎಂದೋ ಉಪವಾಸ ಸತ್ತಿರಬೇಕು. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಮಧ್ಯಾಹ್ನಕ್ಕೆ ಮರೆತುಹೋಗುತ್ತಿತ್ತು.

ಕೌಂಟರ್‌ನಲ್ಲಿ ಬಟ್ಟೆ ಮಡಿಸುತ್ತಿದ್ದ ಅಜ್ಜಿ ಒಂದು ದಿನ ಕೇಳಿದಳು, "ಏನೇ ಅದು ಗಿಣಿ ಥರ? ನಮ್ಮ ಗಿರಾಕಿಗಳ ಹೆಸರು ಒಂದಾದ್ರೂ ಗೊತ್ತಾ ನಿಂಗೆ?"

"ಇಲ್ಲ."

"ಆದ್ರೂ ಯಾರ ಅಂಗಿ ಯಾವುದು ಅಂತ ಕಣ್ಣು ಮುಚ್ಕೊಂಡು ಹೇಳ್ತೀಯ. ಪದಾನೂ ಹಾಗೇ ಯಾರಿಗಾದ್ರೂ ತೊಡಿಸು. ಮರೆಯಲ್ಲ."

ಅಜ್ಜಿಗೆ ಓದು ಬರಹ ಬಾರದು. ಆದರೂ ಟ್ಯೂಷನ್ ಮಾಸ್ತರರಿಗೆ ಹೊಳೆಯದ್ದು ಅವಳಿಗೆ ಹೊಳೆಯಿತು.

ನಮ್ಮಲ್ಲಿ ಪ್ರತಿ ಬಟ್ಟೆಯ ಕಾಲರ್ ಒಳಗೆ ನಂಬರಿನ ಚೀಟಿಯೊಂದನ್ನು ಪಿನ್ನಿನಿಂದ ಚುಚ್ಚುತ್ತೇವೆ, ಬಟ್ಟೆ ಕೊಡುವಾಗ ಕಿತ್ತುಹಾಕುತ್ತೇವೆ. ಚೀಟಿಯ ಹಿಂಬದಿ ಖಾಲಿ. ಅಲ್ಲಿ ಪದ ಬರೆಯತೊಡಗಿದೆ. ವಕೀಲರ ಕೋಟಿಗೆ 'ವಾಚಾಳಿ'. ಹಲ್ಲಿನ ಡಾಕ್ಟರರ ಬಿಳಿ ಅಂಗಿಗೆ 'ನಿರ್ದಯಿ'. ಆರು ವರ್ಷಗಳಿಂದ ಪ್ರತಿ ಸೋಮವಾರ ಬಂದು, ಬೂದು ಬಣ್ಣದ ಕೋಟು ಇಟ್ಟು, "ಹೇಗಿದ್ದೀರಿ" ಎಂದರೂ ತುಟಿ ಬಿಚ್ಚದೆ ಹೋಗುವ ವಾಚ್ ರಿಪೇರಿಯ ಹೆಂಗಸಿಗೆ 'ಗರ್ವಿಷ್ಠೆ'. ಎರಡು ತಿಂಗಳಲ್ಲಿ ಆರುನೂರು ಪದ ತಲೆಯಲ್ಲಿ ಕೂತವು. ಊರಿನವರನ್ನೆಲ್ಲ ಮನಸಾರೆ ಬಯ್ದುಕೊಂಡು ಓದುವ ಸುಖವೇ ಬೇರೆ.

ಪರೀಕ್ಷೆಗೆ ಹತ್ತು ದಿನವಿದ್ದಾಗ ನಾನು ಮಾದರಿ ಪರೀಕ್ಷೆ ಬರೆಯಲು ಹೋದೆ. ಅಮ್ಮ ಒಳಗೆ ಮೆಷಿನ್ ಹತ್ತಿರವಿದ್ದಳು. ಕೌಂಟರ್‌ನಲ್ಲಿದ್ದ ಅಜ್ಜಿ ಹದಿನಾಲ್ಕು ಗಿರಾಕಿಗಳಿಗೆ ಚೀಟಿ ಸಮೇತ ಬಟ್ಟೆ ಕೊಟ್ಟು ಕಳಿಸಿದಳು.

"ಅಷ್ಟು ಕಷ್ಟಪಟ್ಟು ಬರೆದಿದ್ದೀಯ, ಅವರೂ ನೋಡ್ಲಿ ಅಂತ ಬಿಟ್ಟೆ ಕಣೇ," ಎಂದಳು.

ಮರುದಿನ ವಕೀಲರು ಬಂದು, ತಾವು ವಾಚಾಳಿ ಅಲ್ಲವೆಂದು ಒಂದು ಗಂಟೆ ಹತ್ತು ನಿಮಿಷ ವಾದಿಸಿದರು. ಹಲ್ಲಿನ ಡಾಕ್ಟರರು ಆ ಚೀಟಿಯನ್ನು ರೋಗಿಯ ಕುರ್ಚಿಯ ಎದುರಿಗೇ ಅಂಟಿಸಿಕೊಂಡರಂತೆ. ಉಳಿದವರು ನಗಲಿಲ್ಲ.

"ಮಾಡಿದ್ದುಣ್ಣೋ ಮಹರಾಯ ಅಂತಾರೆ. ಹೋಗು, ಒಬ್ಬೊಬ್ಬರ ಹತ್ರಾನೂ ಹೋಗಿ ಕ್ಷಮೆ ಕೇಳು," ಎಂದು ಅಮ್ಮ ನನ್ನನ್ನು ಅಟ್ಟಿದಳು.

ಕೊನೆಗೆ ಉಳಿದದ್ದು ವಾಚ್ ರಿಪೇರಿ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಉಸಿರಾಡುವಂತಿಲ್ಲ, ಅಷ್ಟು ಇಕ್ಕಟ್ಟು. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಹಿಡಿದಿದ್ದರು. ಮೇಜಿನ ಮೇಲೆ ನನ್ನ ಚೀಟಿ. "ತಪ್ಪಾಯ್ತು ಅಕ್ಕ," ಎಂದೆ.

ಅವರು ಮಸೂರ ತೆಗೆದರು. ತುಟಿ ಅಲುಗಿತು, ಕತ್ತಿನ ನರ ಬಿಗಿಯಿತು.

"ಕೂ... ಕೂ... ಕೂತ್ಕೋ." ಅಷ್ಟು ಹೇಳಿ ಉಸಿರೆಳೆದುಕೊಂಡರು. "ನಾ... ನಾನು ಮಾತಿಗೆ ನಿಂತ್ರೆ ಹಿ... ಹಿಂದಿರೋರು ಕಾಯಬೇಕಲ್ಲ. ನಿ... ನಿಮ್ಮಲ್ಲಿ ಯಾವಾಗ್ಲೂ ಸಾಲು."

ನೆಲ ಬಾಯ್ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅವರು ನನ್ನ ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿ ನಕ್ಕರು. ಅದರಲ್ಲಿದ್ದ ಅಷ್ಟೂ ಪದಗಳು ಅವರಿಗೆ ಗೊತ್ತಿದ್ದವು. ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡರೆ ಅದೇ ಅರ್ಥದ ಇನ್ನೊಂದು ತಕ್ಷಣ ಬೇಕು, ಅದೂ ಸಿಕ್ಕಿಕೊಂಡರೆ ಮತ್ತೊಂದು. ಚಿಕ್ಕಂದಿನಿಂದ ಹಾಗೆ ಕೂಡಿಟ್ಟುಕೊಂಡೇ ಬದುಕಿದ್ದರು. 'ನೀರು' ಬಾರದಿದ್ದರೆ 'ಜಲ', 'ಜಲ' ಬಾರದಿದ್ದರೆ 'ಉದಕ'. ಅಂಗಡಿಯವನು ಕಕ್ಕಾಬಿಕ್ಕಿಯಾದರೂ ಬಾಟಲಿ ಕೈಗೆ ಬರುತ್ತಿತ್ತಂತೆ.

ಒಂಬತ್ತು ಸಂಜೆ ಅವರ ಅಂಗಡಿಯಲ್ಲಿ ಕೂತೆ. ಅವರು ವಾಚು ಬಿಚ್ಚುತ್ತಾ ಪದ ಕೇಳುತ್ತಿದ್ದರು, ನಾನು ಅರ್ಥ ಹೇಳುತ್ತಿದ್ದೆ. ತಪ್ಪಿದರೆ ಇಕ್ಕಳದಿಂದ ಮೇಜು ಕುಟ್ಟುತ್ತಿದ್ದರು. ಅಷ್ಟು ತಾಳ್ಮೆಯಿಂದ ನನಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಅವರೆಂದರೆ ನನಗೆ ಪ್ರಾಣವಾಯಿತು.

ಪರೀಕ್ಷೆಯಲ್ಲಿ ನೀರು ಕುಡಿದಂತೆ ಬರೆದುಕೊಂಡು ಹೋದೆ. ಎಂಬತ್ತೇಳನೆಯ ಪ್ರಶ್ನೆಗೆ ಬಂದು ಕೈ ನಿಂತಿತು. 'ಇತರರು ಮಾತನಾಡಿಸಿದರೂ ಉತ್ತರಿಸದೆ ಹೋಗುವ ವ್ಯಕ್ತಿ'. ಕೆಳಗೆ ನಾಲ್ಕು ಪದಗಳು: ಉದಾರಿ, ವಾಚಾಳಿ, ಗರ್ವಿಷ್ಠ, ಅಲ್ಪತೃಪ್ತ.

ಪರೀಕ್ಷಕರಿಗೆ ಬೇಕಾದ ಉತ್ತರ ಯಾವುದೆಂದು ಗೊತ್ತಿತ್ತು. ಅದು ಸುಳ್ಳೆಂದೂ ಗೊತ್ತಿತ್ತು. ಪ್ರಶ್ನೆ ಬರೆದ ಮಹಾನುಭಾವನನ್ನು ಆ ಇಕ್ಕಟ್ಟು ಅಂಗಡಿಗೆ ಎಳೆದೊಯ್ದು ಕೂರಿಸಬೇಕೆನಿಸಿತು. ಖಾಲಿ ಬಿಡೋಣವೆಂದುಕೊಂಡೆ. ಗಡಿಯಾರ ನೋಡಿದೆ. ಇಸ್ತ್ರಿಪೆಟ್ಟಿಗೆ ಕಣ್ಣ ಮುಂದೆ ಬಂತು. 'ಗರ್ವಿಷ್ಠ'ಕ್ಕೆ ಗುರುತು ಹಾಕಿ ಹಾಳೆ ತಿರುವಿದೆ.

ಪಾಸಾದೆ. ಎಷ್ಟು ಅಂಕ ಬೇಕಿತ್ತೋ ಸರಿಯಾಗಿ ಅಷ್ಟೇ ಬಂದಿತ್ತು, ಒಂದೂ ಹೆಚ್ಚಿಲ್ಲ. ಅಜ್ಜಿ ಬೀದಿಗೆಲ್ಲ ಸಾರಿ ಬಂದಳು.

ಸೋಮವಾರ ವಾಚಿನಕ್ಕ ಬಂದರು. ಹಿಂದೆ ಆರು ಜನರ ಸಾಲು. ಕೋಟು ಕೌಂಟರ್ ಮೇಲಿಟ್ಟು, ಎಂದಿನಂತೆ ಹೋಗಲಿಲ್ಲ. ಅಷ್ಟೂ ಜನರ ಎದುರಿಗೆ, ಕತ್ತಿನ ನರ ಬಿಗಿದು, ಬಾಯಿ ತೆರೆದರು.

"ನ... ನ... ನನ್ನ ಪದ ಬ... ಬಂದಿತ್ತಾ?"

ಹಿಂದೆ ವಕೀಲರು ಲೊಚಗುಟ್ಟಿದರು.

"ಇಲ್ಲಕ್ಕ," ಎಂದೆ. "ಬಂದಿರ್ಲಿಲ್ಲ."

"ಒ... ಒಳ್ಳೇದಾಯ್ತು," ಎಂದು ಅವರು ಮುಖವರಳಿಸಿ ನಕ್ಕರು. "ಬಂ... ಬಂದಿದ್ರೆ ನ... ನನಗೋಸ್ಕರ ನೀ... ನೀನು ಖಂಡಿತ ತಪ್ಪು ಉತ್ತರ ಬ... ಬರೀತಿದ್ದೆ."