ಈಶಾನ್ಯ ಮೂಲೆಯ ಪೈಪು

"ಒಡೆಯೋಕೆ ಬಂದಿದ್ದೀಯೋ, ಮ್ಯಾಲೆ ಕುಂತ್ಕೊಳ್ಳೋಕೆ ಬಂದಿದ್ದೀಯೋ? ನಿಮ್ಮಪ್ಪ ತಂದು ಮಡಗಿದ್ನಾ ಅದನ್ನ?"

ಮೇಸ್ತ್ರಿ ಮುನಿಯಣ್ಣ ಹೀಗೆ ಕೂಗಿದಾಗ ಚನ್ನಕ್ಕ ಕಮೋಡಿನ ಮುಂದೆ ಸುತ್ತಿಗೆ ಹಿಡಿದು ನಿಂತಿದ್ದಳು. ಅವಳು ಕೇಳಿದ್ದು ದೊಡ್ಡದೇನಲ್ಲ. ಇನ್ನು ಹತ್ತು ನಿಮಿಷಕ್ಕೆ ಅದನ್ನು ಪುಡಿ ಮಾಡುವುದೇ ಇದೆ, ಅಷ್ಟರೊಳಗೆ ಒಂದು ಸಲ ಬಾಗಿಲು ಹಾಕಿಕೊಂಡು ಹೋಗಿ ಬರಲೇ ಎಂದಿದ್ದಳು.

"ಹೆಂಗೂ ಒಡಿಯೂದಲ್ರೀ ಅಣ್ಣಾರ. ನಾ ಕುಂತ್ರ ಅದರ ಮಾನ ಹೊಕ್ಕೈತೇನು?"

"ಸಾಹೇಬ್ರು ಕುಂತಿರೋ ಕಮೋಡು ಕಣಮ್ಮಿ ಅದು. ಲೇಬರ್ ಕುಂತಳು ಅಂತ ಗೊತ್ತಾದ್ರೆ ನನ್ನ ಕೆಲ್ಸ ಓಯ್ತದೆ. ನೀಲಗಿರಿ ತೋಪಿಲ್ವಾ, ಓಗು."

ನೀಲಗಿರಿ ತೋಪು ಹೋದ ವರ್ಷ ಇತ್ತು. ಈಗ ಬ್ರೂಕ್‌ಫೀಲ್ಡಿನಲ್ಲಿ ಮರ ಇದ್ದಲ್ಲೆಲ್ಲ ಕಾಂಪೌಂಡು ಎದ್ದು, ಕಾಂಪೌಂಡಿಗೊಬ್ಬ ವಾಚ್‌ಮನ್ ಬಂದು ಕೂತಿದ್ದ. ಗಂಡಸರು ಅದೇ ಗೋಡೆಗೆ ಮುಖ ಮಾಡಿ ನಿಂತು ಕೆಲಸ ಮುಗಿಸಿಕೊಳ್ಳುತ್ತಿದ್ದರು. ಹೆಂಗಸರು ಬೆಳಗಿನ ನಸುಕಿನಲ್ಲಿ ಕೆರೆ ಕಡೆ ಹೋಗಿ ಬಂದರೆ ಮತ್ತೆ ಕತ್ತಲಾಗುವವರೆಗೆ ಬಿಗಿ ಹಿಡಿದುಕೊಂಡಿರಬೇಕು. ಅದಕ್ಕೆಂದೇ ಚನ್ನಕ್ಕ ಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಒಂದು ತಿಂಗಳಿಂದ ಉರಿಮೂತ್ರ ಹತ್ತಿಕೊಂಡು, ಕೂತರೂ ನಿಂತರೂ ಕಿಬ್ಬೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತೆ ಆಗುತ್ತಿತ್ತು.

ಅವಳು ಸುತ್ತಿಗೆ ಎತ್ತಿ ಬಾರಿಸಿದಳು. ಒಂದೇ ಏಟಿಗೆ ಸಾಹೇಬರ ಕಮೋಡು ಮೂರು ಹೋಳಾಯಿತು. ಹೋಳುಗಳನ್ನು ಬಾಂಡ್ಲಿಗೆ ತುಂಬಿ, ತಲೆಯ ಮೇಲೆ ಹೊತ್ತು, ನಾಲ್ಕು ಮಹಡಿ ಮೆಟ್ಟಿಲಿಳಿದಳು. ಲಿಫ್ಟು ಲೇಬರಿಗಲ್ಲ ಎಂದು ಬಾಗಿಲಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ ಅಂಟಿಸಿದ್ದರು. ಅದನ್ನು ಓದಬಲ್ಲವರು ಕೆಲಸದವರಲ್ಲಿ ಯಾರೂ ಇರಲಿಲ್ಲವಾದ್ದರಿಂದ ಮುನಿಯಣ್ಣ ಅದರ ಸಾರವನ್ನು ಬೈಗುಳದಲ್ಲಿ ಹೇಳಿಕೊಟ್ಟಿದ್ದ.

ಮನೆ ವಿಶ್ವನಾಥ್ ಎಂಬುವವರದು. ರಾಣೆಬೆನ್ನೂರು ಕಡೆಯವರು, ವೈಟ್‌ಫೀಲ್ಡಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಮ್ಯಾನೇಜರು. ಫ್ಲ್ಯಾಟು ಕೊಂಡು ವರ್ಷ ತುಂಬುವಷ್ಟರಲ್ಲಿ ಅವರಿಗೆ ಬರಬೇಕಿದ್ದ ಪ್ರಮೋಷನ್ನು ಪಕ್ಕದ ಕುರ್ಚಿಯವನಿಗೆ ಹೋಯಿತು, ಊರಿನಲ್ಲಿದ್ದ ತಾಯಿಗೆ ಮೊಣಕಾಲು ಹಿಡಿದುಕೊಂಡಿತು. ವಾಸ್ತು ಪಂಡಿತನೊಬ್ಬ ಬಂದು ಅಂಗೈ ಮೇಲೆ ದಿಕ್ಸೂಚಿ ಇಟ್ಟುಕೊಂಡು ಮನೆಯೆಲ್ಲ ಸುತ್ತಿದ. ಈಶಾನ್ಯ ಮೂಲೆಯಲ್ಲಿ ಕಕ್ಕಸು ಸಿಕ್ಕಿತು. ಕೊಲೆ ಕಂಡವನ ಹಾಗೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ಕಕ್ಕಸು ಇದ್ದಲ್ಲಿ ದೇವರು, ದೇವರಿದ್ದಲ್ಲಿ ಕಕ್ಕಸು, ಇದೊಂದೇ ಪರಿಹಾರ ಎಂದ. ಹೀಗೆ ದೇವರೂ ಕಕ್ಕಸೂ ಪರಸ್ಪರ ಮನೆ ಬದಲಾಯಿಸಿದವು.

ಇಂಥ ಸೂಕ್ಷ್ಮದ ಕೆಲಸಕ್ಕೆ ಪ್ರೊಫೆಷನಲ್ಲೇ ಆಗಬೇಕೆಂದು ಸ್ಫೂರ್ತಿ ಮೇಡಂ ಎಂಬ ಇಂಟೀರಿಯರ್ ಡಿಸೈನರನ್ನು ಗೊತ್ತು ಮಾಡಿದರು. ಮೇಡಂ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಉದ್ದನೆಯ ಕಾಗದದ ಸುರುಳಿ ಹಿಡಿದು ಬರುತ್ತಿದ್ದರು. ಅವರು ಮುನಿಯಣ್ಣನಿಗೆ ಹೇಳುತ್ತಿದ್ದರು. ಮುನಿಯಣ್ಣ ಭೀಮಪ್ಪನಿಗೆ ಬೈಯುತ್ತಿದ್ದ. ಚನ್ನಕ್ಕನ ಗಂಡ ಭೀಮಪ್ಪ ಕೈಯಾರೆ ಮಾಡುತ್ತಿದ್ದ.

ಮೂರನೆಯ ದಿನ ಭೀಮಪ್ಪ ಏಣಿ ಹತ್ತಿ ಹಳೆಯ ಕಕ್ಕಸಿನ ಅಟ್ಟದ ಹಲಗೆ ಕಿತ್ತ. ಕಿತ್ತವನು ಅಲ್ಲೇ ನಿಂತುಬಿಟ್ಟ. ತಾರಸಿಯ ಅಡಿಯಲ್ಲಿ, ಗೋಡೆಯಿಂದ ಗೋಡೆಗೆ, ತೊಡೆಗಾತ್ರದ ಕಪ್ಪು ಪೈಪೊಂದು ಮಲಗಿತ್ತು. ಅವನು ಬೆರಳು ಮಡಚಿ ಅದನ್ನು ಬಡಿದು ನೋಡಿದ.

"ಮೇಡಂ, ಇದು ಮ್ಯಾಲಿನ ಮನಿ ಕಕ್ಕಸದ ಪೈಪ್ರೀ. ದೇವರ ನೆತ್ತಿ ಮ್ಯಾಲೇ ಹೊಕ್ಕೈತಿ."

ಸ್ಫೂರ್ತಿ ಮೇಡಂ ಕಾಗದದ ಸುರುಳಿ ಬಿಚ್ಚಿದರು, ಸುತ್ತಿದರು, ಮತ್ತೆ ಬಿಚ್ಚಿದರು. ಅಪಾರ್ಟ್‌ಮೆಂಟಿನಲ್ಲಿ ಕಕ್ಕಸಿನ ಮೇಲೆ ಕಕ್ಕಸೇ ಇರುತ್ತದೆ ಎಂಬುದು ಪಂಡಿತನ ದಿಕ್ಸೂಚಿಗೆ ಕಂಡಿರಲಿಲ್ಲ. ಪೈಪು ಸರಿಸಬೇಕೆಂದರೆ ಐದನೇ ಮಹಡಿಯವರ ನೆಲ ಒಡೆಯಬೇಕು. ಅದರ ಮಾಲೀಕ ದುಬೈಯಲ್ಲಿದ್ದ, ಫ್ಲ್ಯಾಟು ಖಾಲಿ ಬಿದ್ದಿತ್ತು.

"ಫಾಲ್ಸ್ ಸೀಲಿಂಗ್ ಮಾಡೋಣ," ಎಂದರು ಮೇಡಂ ಕೊನೆಗೆ. "ಒಂದಡಿ ಕೆಳಗೆ ಇಳಿಸಿ ಫುಲ್ ಕ್ಲೋಸ್ ಮಾಡ್ಬಿಡಿ. ಮಧ್ಯೆ ಒಂದು ದೊಡ್ಡ ಲೋಟಸ್ ಬರ್ಲಿ. ಮುನಿಯಣ್ಣ, ಈ ವಿಷಯ ಸಾರ್‌ಗೆ ಬೇಡ."

"ನಿಮ್ಮ ಸಾಮಿ ಆಣೆಗೂ ಇಲ್ಲ ಮೇಡಂ," ಎಂದ ಮುನಿಯಣ್ಣ, ಭೀಮಪ್ಪನ ಕಡೆ ತಿರುಗಿದ. "ಬೋಳಿಮಗನೆ, ಬಾಯಿ ಬಿಟ್ರೆ ಆ ಪೈಪಿನ ಒಳಿಕ್ಕೇ ತುರುಕ್ತೀನಿ ನಿನ್ನ."

ಸಿಮೆಂಟು ಹೊತ್ತು ಮೆಟ್ಟಿಲು ಹತ್ತುವಾಗ ಗಂಡ ಹೆಂಡಿರಿಬ್ಬರಿಗೂ ತಡೆಯಲಾರದ ನಗು.

"ಕೆಳಗ ಶಿವಪ್ಪ," ಎಂದ ಭೀಮಪ್ಪ. "ಶಿವಪ್ಪನ ಮ್ಯಾಲೆ ಕಮಲ. ಕಮಲದ ಮ್ಯಾಲೆ ದುಬೈ ಸಾಹೇಬನ ಕುಂಡಿ."

"ಸುಮ್ಕಿರ್ರೀ. ನಗಿಸಿದ್ರ ನಂದು ಇಲ್ಲೇ ಆಕ್ಕೈತಿ," ಎಂದಳು ಚನ್ನಕ್ಕ, ಗೋಡೆ ಹಿಡಿದುಕೊಂಡು.

ಆದರೆ ಕೆಲಸದ ವಿಷಯದಲ್ಲಿ ಭೀಮಪ್ಪ ತಮಾಷೆಯ ಮನುಷ್ಯನಲ್ಲ. ದೇವರನ್ನು ಕೂರಿಸುವ ಕರಿಕಲ್ಲಿನ ಪೀಠವನ್ನು ಅವನು ಆರು ದಿನ ತಿಕ್ಕಿದ. ಅಂಚು ಸವರಿದ, ಒದ್ದೆ ಬಟ್ಟೆಯಲ್ಲಿ ಒರೆಸಿದ, ಬಗ್ಗಿ ತನ್ನ ಮುಖ ಕಾಣುವುದೇ ಎಂದು ನೋಡಿದ. ಊರ ಗುಡಿಯ ಮೂರನೇ ಮೆಟ್ಟಿಲಿನಿಂದಾಚೆ ಅವನು ಯಾವತ್ತೂ ಹೋದವನಲ್ಲ. ಇಲ್ಲಿ ದೇವರು ಕೂರುವ ಜಾಗದಲ್ಲಿ ತಾನೇ ಕಾಲು ಚಾಚಿ ಕೂತು ರೊಟ್ಟಿ ತಿಂದಿದ್ದ. ಆ ಕಲ್ಲಿನ ಮೇಲೆ ಅವನಿಗೆ ಮೋಹ ಹುಟ್ಟಿಬಿಟ್ಟಿತ್ತು.

ವಾಸ್ತು ಸರಿಪಡಿಸಿದ ಮನೆಗೆ ಮತ್ತೊಮ್ಮೆ ಇಟ್ಟುಕೊಂಡ ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಸಾಹೇಬರ ತಾಯಿ ರುದ್ರಮ್ಮ ಊರಿನಿಂದ ಬಂದರು. ಮೊಣಕಾಲಿಗೆ ಕೈ ಊರಿಕೊಂಡು ದೇವರ ಮನೆಗೆ ಬಂದು ಪೀಠ ಸವರಿ ನೋಡಿದರು.

"ಛಲೋ ಮಾಡಿದಿ. ಯಾ ಊರಪ್ಪಾ?"

"ಕುಷ್ಟಗಿ ಕಡೇರಿ ಅಮ್ಮಾರ."

"ನಮ್ಮ ಕಡೆಯವ್ರ ಆದ್ರಲಾ. ಯಾರ ಪೈಕಿ?"

ಭೀಮಪ್ಪನ ಕೈ ನಿಂತಿತು. ಗೋಡೆಗೆ ಆನಿಸಿ ಇಟ್ಟಿದ್ದ ದೊಡ್ಡ ಫೋಟೊವನ್ನು ಚನ್ನಕ್ಕ ನೋಡಿದಳು. ದೇವರ ಮನೆಯಲ್ಲಿ ತೂಗುಹಾಕಲು ತಂದ ಬಸವಣ್ಣನ ಫೋಟೊ ಅದು.

"ಆ ಅಪ್ಪನ್ನ ಕೇಳ್ರಿ ಅಮ್ಮಾರ, ನಾವ್ ಯಾರ ಪೈಕಿ ಅಂತ. ಅಂವ ಹೇಳ್ತಾನ."

"ನಾಲಿಗಿ ಉದ್ದ ಐತಿ ಇಕಿದು. ನಾ ಕೇಳಿದ್ದು ನಿಮ್ಮ ಜಾತಿ."

"ಮಾದರ್ರೀ," ಎಂದ ಭೀಮಪ್ಪ, ನೆಲ ನೋಡಿಕೊಂಡು.

ಮೊಣಕಾಲು ನೋವಿನ ರುದ್ರಮ್ಮ ಸೀರೆ ಎತ್ತಿ ಹಿಡಿದು ಚಂಗನೆ ಹೊರಗೆ ಬಂದರು. ವಾಸ್ತು ಸರಿಹೋದದ್ದಕ್ಕೆ ಅದೊಂದೇ ಸಾಕ್ಷಿ.

"ವಿಶೂ, ದೇವರ ಮನಿಯಾಗ ಇವರನ್ನ್ಯಾಕ ಬಿಟ್ಟೀಯೋ?"

"ಹೋದ ತಿಂಗಳು ಇದು ಕಕ್ಕಸ ಇತ್ರೀ," ಎಂದಳು ಚನ್ನಕ್ಕ. "ನಿಮ್ಮ ಹೇಲು ಬಳಿಯೂ ಮುಂದ ಯಾರೂ ನಮ್ಮ ಜಾತಿ ಕೇಳಲಿಲ್ಲ."

ವಿಶ್ವನಾಥ್ ಸಾಹೇಬರಿಗೆ ನಿಜವಾಗಿಯೂ ನಾಚಿಕೆಯಾಯಿತು. "ಅವ್ವಾ, ಹಂಗೆಲ್ಲ ಕೇಳಬಾರ್ದು," ಎಂದರು. ಆಮೇಲೆ ಮುನಿಯಣ್ಣನನ್ನು ಬಾಲ್ಕನಿಗೆ ಕರೆದು ದನಿ ತಗ್ಗಿಸಿದರು. "ನಾನು ಜಾತಿಗೀತಿ ನೋಡಲ್ಲ, ನಿನಗೇ ಗೊತ್ತು. ಅಮ್ಮಂಗೆ ಬಿ.ಪಿ. ಇದೆ. ನಾಳೆಯಿಂದ ಇವರು ಒಳಗೆ ಬರೋದು ಬೇಡ."

ಅಷ್ಟರಲ್ಲಿ ರುದ್ರಮ್ಮ ಬಾಟಲಿಯಲ್ಲಿ ತಂದಿದ್ದ ಗಂಜಲವನ್ನು ಪೀಠದ ಮೇಲೆ ಸುರಿದಾಗಿತ್ತು. ಭೀಮಪ್ಪ ಹೊಸಿಲಿನಾಚೆ ನಿಂತು ನೋಡಿದ. "ಹಂಗ ಬಿಡಬ್ಯಾಡ್ರಿ ಅಮ್ಮಾರ, ಒರಸ್ರಿ. ಪಾಲಿಶ್ ಹೊಕ್ಕೈತಿ," ಎಂದ. ಯಾರೂ ಒರೆಸಲಿಲ್ಲ. ಚನ್ನಕ್ಕನಿಗೆ ಗಂಡನ ಮೇಲೇ ಸಿಟ್ಟು ಬಂತು.

ಗೃಹಪ್ರವೇಶದ ದಿನ ಕಟ್ಟಿದವನನ್ನು ಕರೆದು, ಎಲೆ ಅಡಿಕೆ ಟವೆಲ್ಲು ಕೊಟ್ಟು ಕೈ ಮುಗಿಯುವುದು ಎಲ್ಲ ಕಡೆಯೂ ಇರುವ ರೂಢಿ. ಇಷ್ಟಾದರೂ ಭೀಮಪ್ಪ ಆ ಆಸೆ ಬಿಟ್ಟಿರಲಿಲ್ಲ. ಒಗೆದ ಅಂಗಿ ತೊಟ್ಟು ನಾಲ್ಕನೇ ಮಹಡಿಯ ಬಾಗಿಲ ಹತ್ತಿರ ನಿಂತ. ಮುನಿಯಣ್ಣ ಅವನನ್ನು ಅಲ್ಲೇ ಚಪ್ಪಲಿ ಜೋಡಿಸುವುದಕ್ಕೆ ಹಚ್ಚಿದ.

ಅಡುಗೆಗೆಂದು ಐದನೇ ಮಹಡಿಯ ಖಾಲಿ ಫ್ಲ್ಯಾಟನ್ನು ದುಬೈಯವನಿಗೆ ಫೋನು ಮಾಡಿ ತೆಗೆಸಿದ್ದರು. ಅಲ್ಲಿ ಪಾತ್ರೆ ತೊಳೆಯಲು ಚನ್ನಕ್ಕ ಮತ್ತು ಅವಳಿರುವ ಲೇಬರ್ ಶೆಡ್ಡಿನ ಕಡೆಯ ಮೂವರು ಹೆಂಗಸರು. ಒಳಗಿನ ಕೋಣೆಗಳಿಗೆಲ್ಲ ಮಾಲೀಕನ ಬೀಗ. ಹಾಲಿಗೆ ಹೊಂದಿಕೊಂಡ ಕಕ್ಕಸೊಂದು ಮಾತ್ರ ತೆರೆದಿತ್ತು. ಸ್ಫೂರ್ತಿ ಮೇಡಂ ರೇಷ್ಮೆ ಸೀರೆ ಉಟ್ಟು ಓಡಿ ಬಂದು ಅದಕ್ಕೂ ಬೀಗ ಹಾಕಿ, ಕೀಲಿಯನ್ನು ಚನ್ನಕ್ಕನ ಒದ್ದೆ ಅಂಗೈಯಲ್ಲಿ ಇಟ್ಟರು.

"ಚನ್ನಕ್ಕ, ಪ್ಲೀಸ್. ಪೈಪಿನ ವಿಷ್ಯ ಗೊತ್ತಿರೋರು ನೀವೊಬ್ರೇ ಇಲ್ಲಿ. ಪೂಜೆ ನಡೀವಾಗ ಯಾರೂ ಇದನ್ನ ಯೂಸ್ ಮಾಡಬಾರ್ದು. ಕೇಳಿದ್ರೆ ನೀರಿಲ್ಲ ಅನ್ನಿ. ಮಂಗಳಾರತಿ ಆಗೋವರೆಗೆ ನೋಡ್ಕೊಳಿ, ನನ್ನ ಮರ್ಯಾದೆ ನಿಮ್ಮ ಕೈಲಿದೆ."

"ಅಕ್ಕ" ಎಂದು ಮೇಡಂ ಬಾಯಿತುಂಬ ಕರೆದದ್ದು ಅದೇ ಮೊದಲು.

"ಮೊದಲ ನಂಗ ಹೋಗೂದೈತ್ರೀ ಮೇಡಂ. ಮುಂಜಾನಿಂದ ತಡದೀನಿ. ಉರದು ಸಾಯಾಕತ್ತೀನಿ."

"ಅಯ್ಯೋ, ಈಗಾಗಲೇ ಸ್ಟಾರ್ಟ್ ಆಯ್ತು. ಒಂದೂವರೆ ಗಂಟೆ ಅಷ್ಟೆ. ಅಡ್ಜಸ್ಟ್ ಮಾಡ್ಕೊಳಿ."

ಮೇಡಂ ಹೋದರು. ಅಡುಗೆ ಗಂಡಸರು ಒಬ್ಬೊಬ್ಬರಾಗಿ ಕೆಳಗಿಳಿದು, ಗೋಡೆ ಒದ್ದೆ ಮಾಡಿ, ಬೀಡಿ ಸೇದಿಕೊಂಡು ಬಂದರು. ಹೆಂಗಸರು ಕೊಪ್ಪರಿಗೆಯ ಸುತ್ತ ಕೂತು ತಿಕ್ಕಿದರು. ನಲ್ಲಿಯ ನೀರು ಒಂದೇ ಸಮನೆ ಸುರಿಯುತ್ತಿತ್ತು, ಆ ಸದ್ದು ಕೇಳುತ್ತ ಕೇಳುತ್ತ ಚನ್ನಕ್ಕನ ಕಣ್ಣಲ್ಲಿ ನೀರು ಬಂತು. ಅವಳು ಎದ್ದು ಮೆಟ್ಟಿಲ ಹತ್ತಿರ ಹೋಗಿ ಕಂಬಿ ಹಿಡಿದು ಬಗ್ಗಿದಳು.

ಕೆಳಗೆ ಹೊಟ್ಟೆ ದಪ್ಪದ ಅತಿಥಿಯೊಬ್ಬ ಬಗ್ಗಲಾರದೆ ಕಾಲು ಮುಂದೆ ಚಾಚಿ ನಿಂತಿದ್ದ. ಒಗೆದ ಅಂಗಿಯ ಭೀಮಪ್ಪ ಕುಕ್ಕರಗಾಲಿನಲ್ಲಿ ಕೂತು ಅವನ ಬೂಟಿನ ಲೇಸು ಬಿಚ್ಚುತ್ತಿದ್ದ. ಒಳಗೆ ಚಪ್ಪಾಳೆ ಬಿತ್ತು. "ಈ ದೇವರ ಮನೆಯ ಇಂಚಿಂಚೂ ಸ್ಫೂರ್ತಿಯವರ ಕೆಲಸ," ಎನ್ನುತ್ತಿದ್ದರು ವಿಶ್ವನಾಥ್. ತೆರೆದ ಬಾಗಿಲಿನಲ್ಲಿ ಶಾಲಿನ ಜರಿ ಹೊಳೆಯಿತು. ಭೀಮಪ್ಪ ಕತ್ತು ಉದ್ದ ಮಾಡಿ ಅತ್ತ ನೋಡಿದ. ಅತಿಥಿ ಇನ್ನೊಂದು ಕಾಲು ಚಾಚಿದ.

ಚನ್ನಕ್ಕ ಹಿಂದಿರುಗಿ ಬಂದು ಬೀಗ ತೆಗೆದಳು. ಒಳಗೆ ಹೋಗಿ ಅಗುಳಿ ಹಾಕಿದಳು. ಇಂಥವನ್ನು ನೂರಾರು ಹೊತ್ತಿದ್ದಳು, ಒಡೆದಿದ್ದಳು, ಸಿಮೆಂಟು ಹಾಕಿ ಕೂರಿಸಲು ಹಿಡಿದುಕೊಂಡಿದ್ದಳು. ತಾನೇ ಕೂತದ್ದು ಇದೇ ಮೊದಲು. ತೊಡೆಗೆ ತಣ್ಣಗೆ ತಾಗಿ ಬೆಚ್ಚಿದಳು, ಆಮೇಲೆ ಭಾರ ಬಿಟ್ಟು ಕೂತಳು. ಉರಿಯಿತು, ಹಲ್ಲು ಕಚ್ಚಿದಳು. ನಿಧಾನವಾಗಿ ಉರಿ ಇಳಿದು ಮೈ ಹಗುರವಾಯಿತು. ಯಾರೂ ಬರುವುದಿಲ್ಲ, ಯಾರೂ ಕಲ್ಲೆಸೆಯುವುದಿಲ್ಲ, ಸೀರೆ ಕೆಳಗೆ ಬಿಡು ಎಂದು ಯಾರೂ ಕೂಗುವುದಿಲ್ಲ. ಅವಳಿಗೆ ಭಾರಿ ಸುಖವೆನಿಸಿತು. ಇಷ್ಟು ಸಣ್ಣ ಸುಖಕ್ಕೆ ಇಷ್ಟು ದಿನ ಸಾಯಿಸಿದರಲ್ಲ ಸೂಳೆಮಕ್ಕಳು ಎಂದು ಅಷ್ಟೇ ಸಿಟ್ಟೂ ಬಂತು.

ಗಾಳಿ ಕಿಂಡಿಯಿಂದ ಕೆಳಗಿನ ಅಯ್ಯನವರ ಮಂತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಗಂಟೆ ನಿಂತಿತು. ಎಲ್ಲರೂ ಕಣ್ಣು ಮುಚ್ಚಿ ಧ್ಯಾನ ಮಾಡಿರೆಂದು ಅಯ್ಯನವರು ಹೇಳಿದರು.

ಚನ್ನಕ್ಕ ಎದ್ದು, ಸೀರೆ ಸರಿಮಾಡಿಕೊಂಡು, ಟ್ಯಾಂಕಿನ ಹಿಡಿ ಒತ್ತಿದಳು.

ನೀರು ಗುಡುಗಿಕೊಂಡು ಇಳಿಯಿತು. ಕಾಲಡಿಯ ಪೈಪಿನಲ್ಲಿ ಗೊಳಗೊಳ ಎಂದು ಉರುಳಿ, ದೇವರ ನೆತ್ತಿಯುದ್ದಕ್ಕೂ ಹಾದು, ಗೋಡೆಯೊಳಗೆ ಧುಮುಕಿತು.

"ವಿಶೂ, ಏನೋ ಅದು ಸಪ್ಪಳ?" ಕೆಳಗಿನಿಂದ ರುದ್ರಮ್ಮನ ದನಿ.

"ನೀರಿನ ಪೈಪಿರಬೇಕವ್ವಾ."

"ಕಮಲದಾಗ ಎಂಥಾ ನೀರೋ?"

ಚನ್ನಕ್ಕ ಹೊರಗೆ ಬಂದಳು. ಮೂವರು ಹೆಂಗಸರೂ ಕೈಯಲ್ಲಿ ತೆಂಗಿನ ನಾರು ಹಿಡಿದುಕೊಂಡೇ ಎದ್ದು ನಿಂತಿದ್ದರು.

"ಹೋಗ್ರವ್ವಾ," ಎಂದಳು. "ಒಬ್ಬೊಬ್ಬರ ಹೋಗ್ರಿ. ಅವಸರ ಮಾಡಬ್ಯಾಡ್ರಿ, ಛಂದಗೆ ಕುಂತು ಬರ್ರಿ. ಬರೂವಾಗ ಆ ಹಿಡಿ ಒತ್ತೂದು ಮಾತ್ರ ಮರೀಬ್ಯಾಡ್ರಿ."

ಮೊದಲನೆಯವಳು ಒಳಗೆ ಹೋದಳು. ಚನ್ನಕ್ಕ ಮೆಟ್ಟಿಲ ಹತ್ತಿರ ಹೋಗಿ ಗಂಟಲು ಬಿಚ್ಚಿ ಕೂಗಿದಳು. "ಏನ್ರೀ, ಆ ಬೂಟು ಅಲ್ಲೇ ಒಗೀರಿ. ಮ್ಯಾಲೆ ಬರ್ರಿ."

ಭೀಮಪ್ಪ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅತಿಥಿಯ ಪಾದ ಅವನ ಕೈಯಲ್ಲಿತ್ತು. ಅದನ್ನು ಹಗುರವಾಗಿ ನೆಲಕ್ಕೆ ಇಳಿಸಿ, ಎದ್ದು, ಅಂಗಿ ಕೊಡವಿಕೊಂಡು ಮೆಟ್ಟಿಲು ಹತ್ತಿದ.

ಅವನ ಬೆನ್ನಿಗೇ ಸ್ಫೂರ್ತಿ ಮೇಡಂ ಓಡಿಬಂದರು. ಹೆಗಲ ಶಾಲು ಮೆಟ್ಟಿಲ ಮೇಲೆ ಎಳೆಯುತ್ತಿತ್ತು. ಹಿಂದೆ ಮುನಿಯಣ್ಣ, "ಲೇ ಲೌಡಿ, ಕೆಲ್ಸಕ್ಕೆ ಬೆಂಕಿ ಇಕ್ಬಿಟ್ಯಲ್ಲೇ, ನಾಳೆಯಿಂದ ಈ ಏರಿಯಾದಾಗೆ ಎಂಗೆ ಕೂಲಿ ಮಾಡ್ತೀಯೋ ನಾನೂ ನೋಡ್ತೀನಿ," ಎನ್ನುತ್ತ ಏದುಸಿರು ಬಿಡುತ್ತಿದ್ದ. ಕೂಲಿ ಹೋಯಿತೆಂದು ಚನ್ನಕ್ಕನಿಗೂ ಗೊತ್ತಿತ್ತು. ಅವಳು ಕಕ್ಕಸಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಚನ್ನಕ್ಕ, ಕೈ ಮುಗೀತೀನಿ, ಬಾಗಿಲು ತೆಗೆಸಿ," ಎಂದರು ಮೇಡಂ.

"ಸರತಿ ಐತ್ರೀ ಮೇಡಂ. ನಿಮಗೂ ಬಂದಿದ್ರ ನನ್ನ ಗಂಡನ ಹಿಂದ ನಿಂದ್ರಿ."

ಒಳಗೆ ಹೋದವಳು ಹಿಡಿ ಒತ್ತಿದಳು.