ಕನಕರಾಯನ ಮೊಣಕಾಲು

ಹೇಳಿಬಿಟ್ಟರೆ ಏನಾದೀತು? ಒಂದೇ ಮಾತು. ಎಡ, ಇಲ್ಲವೇ ಬಲ. ಕನಕರಾಯನೇನು ಹೋಗುವಾಗ ತನಗೆ ಹೇಳಿ ಹೋಗಿದ್ದನೇ? ವರ್ಷಗಟ್ಟಲೆ ಈ ಕೈಯಿಂದ ಎಣ್ಣೆ ಉಜ್ಜಿಸಿಕೊಂಡ ಕಾಲು ಅದು. ಮಾನ್ವಿ ಬಸ್ಸು ಹತ್ತುವ ಮುಂಚೆ ತನ್ನ ಮನೆಯ ಹೊಸ್ತಿಲಿನ ತನಕ ಬರಲಿಕ್ಕೂ ಅದಕ್ಕೆ ಆಗಲಿಲ್ಲ. ಅಂಥ ಕಾಲಿನ ಗುಟ್ಟನ್ನು ತಾನೇಕೆ ಕಾಯಬೇಕು? ಆದರೆ ಹೇಳಿದ ಮೇಲೆ? ತಾಯಣ್ಣನ ಕೈಗೆ ಸಿಕ್ಕ ಮೇಲೆ ಅದು ಕಾಲಾಗಿ ಉಳಿದೀತೇ? ಉಳಿಯದಿದ್ದರೆ ಉಳಿಯದಿರಲಿ ಎಂದುಕೊಂಡ ಮರುಗಳಿಗೆಯೇ ಬೇಡ, ಬೇಡ ಎಂದು ಮೌನಪ್ಪ ತಲೆ ಕೊಡವಿದ.

ದೇವದುರ್ಗದಿಂದ ರಾಯಚೂರಿಗೆ ಹೊರಟ ಬಸ್ಸಿನ ಹಿಂದಿನ ಸೀಟಿನಲ್ಲಿ ಅವನು ಕೂತಿದ್ದ. ಎಂಬತ್ತೊಂದನೆಯ ಇಸವಿ, ಬಿಸಿಲು ಏರತೊಡಗಿದ ದಿನಗಳು. ಮುಂದಿನ ಸೀಟುಗಳಲ್ಲೆಲ್ಲ ಮಾನ್ವಿಯವರ ಮೇಲೆ ಆಡಲು ಹೊರಟ ಹಳೇಪೇಟೆ ಕಬಡ್ಡಿ ತಂಡದ ಹುಡುಗರು. ಮೌನಪ್ಪ ಆಟಗಾರನಲ್ಲ. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮೂಟೆ ಏರಿಸಿ ಇಳಿಸುವ ಹಮಾಲ. ಆದರೆ ತಂಡ ಎಲ್ಲಿ ಆಡಿದರೂ ಅಂಕಣದ ಹಿಂದಿನ ಗೆರೆಯ ಪಕ್ಕ ಅವನು ಕೂತಿರಲೇಬೇಕು. ಅಂಗಿ ಹರಿದುಕೊಂಡು ಕೂಗಿದ್ದಾನೆ, ಎದುರಿನ ಊರಿನವರ ಏಟು ತಿಂದಿದ್ದಾನೆ, ಗೆದ್ದವರನ್ನು ಹೆಗಲ ಮೇಲೆ ಹೊತ್ತು ಊರು ಸುತ್ತಿದ್ದಾನೆ. ಹೊತ್ತದ್ದು ಹೆಚ್ಚಾಗಿ ಒಬ್ಬನನ್ನೇ, ಕನಕರಾಯನನ್ನು.

ಮುಂದಿನ ಸೀಟಿನಿಂದ ತಾಯಣ್ಣ ತಿರುಗಿದ. ತಂಡದ ನಾಯಕ, ಕಲ್ಲು ಒಡೆಯುವ ಕೆಲಸದವ. ಊರ ಬಯಲಿನಲ್ಲಿ ಆಡಲು ಬಿಡದಿದ್ದಾಗ ಕೇರಿಯ ಹುಡುಗರನ್ನು ಕೂಡಿಸಿ, ಕೃಷ್ಣಾ ಹೊಳೆಯ ಮರಳು ತಂದು ಸುರಿದು, ಕೇರಿಯ ಹಿಂದೆಯೇ ಅಂಕಣ ಮಾಡಿದವ.

"ಏನಪ ಮೌನಪ್ಪ, ವಿಚಾರ ಮಾಡಿದ್ಯೋ ಇಲ್ಲೋ?"

"ಏನ್ ವಿಚಾರ ಅಣ್ಣ?"

"ಏನ್ ವಿಚಾರ ಅಂತಾನ ನೋಡ್ರಲೇ. ಮಾನ್ವಿಯಾಗ ಎರಡೂ ಮಣಕಾಲಿಗೆ ಪಟ್ಟಿ ಸುತ್ತಿಕೊಂಡು ಆಡಾಕತ್ಯಾನಂತ ಅವ. ಎರಡೂ ಕೆಟ್ಟಿದ್ರ ನಿಲ್ಲಾಕ ಬರಂಗಿಲ್ಲ. ಒಂದು ಕೆಟ್ಟದ. ಯಾವುದು?"

"ನನಗೇನ್ ಗೊತ್ತಣ್ಣ."

"ನಿನಗ ಗೊತ್ತಿಲ್ಲಂದ್ರ ಅವನ ಕಾಲಿಗೂ ಗೊತ್ತಿಲ್ಲ ಬಿಡು."

ಹುಡುಗರು ನಕ್ಕರು. ಅವರಲ್ಲಿ ಸುಂಕಪ್ಪನದು ಹರಿತ ನಾಲಿಗೆ. "ಬಿಡಣ್ಣ, ಗಂಡ ಬಿಟ್ಟು ಹೋದಾಕಿನ್ನ ಹಿಂಗ ಕೇಳಬಾರದು. ಇನ್ನಾ ಮರಗಾಕತ್ತಾಳ" ಎಂದ. ಮೌನಪ್ಪ ಕೈ ಚಾಚಿ ಅವನ ಕುತ್ತಿಗೆ ಹಿಡಿದ. ಮೂಟೆ ಹಿಡಿದು ಗಟ್ಟಿಯಾದ ಬೆರಳುಗಳು. ಸುಂಕಪ್ಪನ ಕಣ್ಣು ಮೇಲೇರುವ ತನಕ ಬಿಡಲಿಲ್ಲ. ಬಿಡಿಸಿದ ತಾಯಣ್ಣನಿಗೆ ಅದರಿಂದ ಸಂತೋಷವೇ ಆದಂತಿತ್ತು. "ಈ ಸಿಟ್ಟು ಅವನ ಮ್ಯಾಲ ಇರಲಿ. ನಮ್ಮ ಕೇರ್ಯಾಗ ಉಂಡು, ನಮ್ಮ ಮರಳಾಗ ಕಲ್ತು, ಅಕ್ಕಿ ಸಾವುಕಾರ್ರ ಬನಿಯನ್ ಹಾಕ್ಕೊಂಡಾನ" ಎಂದು ಮುಂದೆ ತಿರುಗಿದ.

ಉಂಡದ್ದು ನಿಜ. ಗಬ್ಬೂರಿನ ಕುರಿ ಕಾಯುವವರ ಮನೆಯ ಹುಡುಗ ಕನಕರಾಯ. ಹಳ್ಳ ದಾಟುವ ಕುರಿಗಳ ಹಿಂದೆ ಹಾರಿ ಹಾರಿ ಬೆಳೆದ ಕಾಲು. ಆಟ ನೋಡಲು ಬಂದವನನ್ನು ತಾಯಣ್ಣ ಅಂಕಣಕ್ಕೆ ಇಳಿಸಿದ್ದ. ಉಸಿರು ಕಟ್ಟಿ ಎದುರಿನವರ ನಡುವೆ ನುಗ್ಗಿ, ಮುಟ್ಟಿ, ಬೆನ್ನ ಹಿಂದೆ ಕೂಡಿಕೊಂಡವರ ತಲೆಯ ಮೇಲಿಂದಲೇ ಹಾರಿ ನಡುಗೆರೆಗೆ ಬೀಳುತ್ತಿದ್ದ. ಆಟ ಮುಗಿದರೆ ಸೀದಾ ಮೌನಪ್ಪನ ಮನೆ. ತಮ್ಮವರು ಕೇರಿಯಲ್ಲಿ ನೀರು ಕುಡಿಯುವುದಿಲ್ಲವೆಂಬುದು ಅವನಿಗೆ ಗೊತ್ತೇ ಇಲ್ಲವೇನೋ ಎನ್ನುವಂತೆ ಮೌನಪ್ಪನ ತಾಯಿ ಸೂಗಮ್ಮನ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದ.

ಆ ಸೂಗಮ್ಮನಿಗೆ ಎಲುಬಿನ ಲೆಕ್ಕ ಗೊತ್ತಿತ್ತು. ಒಂದು ಸಂಜೆ ಕನಕರಾಯನ ಎಡ ಮೊಣಕಾಲಿನ ಚಿಪ್ಪು ಸರಿದಾಗ ಹಿತ್ತಲಿನಲ್ಲಿ ಮಲಗಿಸಿ, ಮೌನಪ್ಪನ ಕೈ ಮೇಲೆ ತನ್ನ ಕೈ ಇಟ್ಟು, ಚಿಪ್ಪನ್ನು ಒಳಗೆ ತಳ್ಳಿಸಿದಳು. ಕನಕರಾಯ ಚೀರದಂತೆ ಬಾಯಿಗೆ ಟವೆಲ್ ತುರುಕಿಕೊಂಡಿದ್ದ. ತೆಗೆದ ಮೇಲೆ ಆಡಿದ ಮೊದಲ ಮಾತು: "ಯಾರಿಗೂ ಹೇಳಬ್ಯಾಡಲೇ. ಒಮ್ಮೆ ತಿಳಿತಂದ್ರ ಎಲ್ಲಾರೂ ಅಲ್ಲೇ ಕೈ ಹಾಕ್ತಾರ."

ಅಂದಿನಿಂದ ಮೌನಪ್ಪ ದಿನವೂ ಔಡಲ ಎಣ್ಣೆ ಬಿಸಿ ಮಾಡಿ ಆ ಕಾಲು ಉಜ್ಜಿದ. ಕನಕರಾಯ ಹಾರಿ ನೆಲಕ್ಕೆ ಬೀಳುವಾಗೆಲ್ಲ ಗೆರೆಯ ಪಕ್ಕ ಕೂತ ಮೌನಪ್ಪನ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಕೈ ತನ್ನ ಕಾಲನ್ನೇ ಹಿಡಿದುಕೊಳ್ಳುತ್ತಿತ್ತು. "ಆಡಾಂವ ಅವ, ನೋವು ಇವಗ" ಎಂದು ಕೇರಿಯ ಜನ ನಗುತ್ತಿದ್ದರು. ಅಭಿಮಾನದ ಹುಚ್ಚು ಎಂದಷ್ಟೇ ಅವರು ತಿಳಿದಿದ್ದರು. ಮೌನಪ್ಪನೂ ಅಷ್ಟೇ ತಿಳಿದಿದ್ದ.

ಹಿಂದಿನ ವರ್ಷ ಜಾಲಹಳ್ಳಿಯ ಪಂದ್ಯ ಕೊನೆಯ ದಾಳಿಗೆ ಬಂದು ನಿಂತಾಗ ಕನಕರಾಯ ಅಲುಗಾಡಲಿಲ್ಲ. ಚಿಪ್ಪು ಮತ್ತೆ ಸರಿದಿತ್ತು. "ನಾ ಒಲ್ಲೆ" ಎಂದ. ತಾಯಣ್ಣ ಎರಡು ಸಲ ಕೇಳಿದ. ಮೂರನೆಯ ಸಲ ಕೇಳಲಿಲ್ಲ, ಇಡೀ ಊರಿನ ಎದುರು ಕಪಾಳಕ್ಕೆ ಹೊಡೆದ. ತುಟಿ ಒಡೆದು ರಕ್ತ ಬನಿಯನ್ನಿನ ಮೇಲೆ ಇಳಿಯಿತು. "ಎಷ್ಟಕ್ಕ ಮಾರಿಕೊಂಡಿಯಲೇ" ಎಂದು ಇನ್ನೊಂದು ಹೊಡೆದ. ಕನಕರಾಯ ಕೈ ಎತ್ತಲಿಲ್ಲ. ಗೆರೆಯಾಚೆ ಕೂತ ಮೌನಪ್ಪನ ಕಡೆ ನೋಡಿದ. ಆ ನೋಟ ಹೇಳು ಎಂದಿತೋ, ಹೇಳಬೇಡ ಎಂದಿತೋ ಮೌನಪ್ಪನಿಗೆ ತಿಳಿಯಲಿಲ್ಲ. ಹೇಳಬೇಡ ಎಂದೇ ಇರಬೇಕೆಂದು ಸುಮ್ಮನಾದ.

ಅದಾದ ಮೇಲೆ ಕನಕರಾಯ ರೊಟ್ಟಿಗೆ ಬರಲಿಲ್ಲ. ಕೆಲವು ತಿಂಗಳು ತಂಡದಲ್ಲಿ ಆಡಿದ, ಯಾರೊಂದಿಗೂ ಮಾತಿಲ್ಲ. ಆಮೇಲೊಂದು ದಿನ ಬಸ್ ಕಂಡಕ್ಟರ್ ಶಾಮೀದಸಾಬ ಮೂಟೆಯ ಚೀಟಿ ಹರಿಯುತ್ತ ಅಂದ: "ಏನಪ ಮೌನಪ್ಪ, ನಿಮ್ಮ ಹೀರೋ ಮಾನ್ವಿಯಾಗ ರೈಸ್ ಮಿಲ್ಲಿನ ನೌಕ್ರಿ ಹಿಡದಾನ. ಮಿಲ್ಲಿನ ಟೀಮಿಗೆ ಆಡ್ತಾನಂತ. ನಿನಗ ಹೇಳಿಲ್ಲೇನು?"

"ಹೇಳ್ಯಾನ" ಎಂದು ಮೌನಪ್ಪ ಸುಳ್ಳಾಡಿದ್ದ.

ಗಬ್ಬೂರಿನಲ್ಲಿ ಬಸ್ಸು ನಿಂತಿತು. ಕಿಟಕಿಗಳನ್ನು ಒಂದೊಂದಾಗಿ ಇಣುಕುತ್ತ ಬಂದವಳು ಭೀಮವ್ವ, ಕನಕರಾಯನ ತಾಯಿ. ಮಗ ಊರು ಬಿಟ್ಟದ್ದು ಗೊತ್ತಿತ್ತು, ತಂಡ ಬಿಟ್ಟದ್ದರ ಅರ್ಥ ಗೊತ್ತಿರಲಿಲ್ಲ. ಮೌನಪ್ಪನನ್ನು ಕಂಡು ಅವಳ ಮುಖ ಅರಳಿತು.

"ಇದ್ದೀಯೇನಪ್ಪ. ಆಟಕ್ಕ ಹೊಂಟೀರಂತ ಕೇಳಿದೆ. ನನ್ನ ಮಗ ಸಿಕ್ಕರ ಸ್ವಲ್ಪ ಕಾಲಿಗೆ ಕೈ ಆಡಸು. ಹಬ್ಬಕ್ಕ ಬಂದಾಗ ಕುಂಟಾಕತ್ತಿದ್ದ. ಆ ಕಾಲು..."

ತಾಯಣ್ಣ ಕಿಟಕಿಯ ಕಡೆ ಬಗ್ಗಿದ. "ಯಾವ ಕಾಲು ಬೇ ಯವ್ವ?"

"ಬಸ್ ಹೊಂಟಿತು, ಸರಿ ಬೇ ಯವ್ವ, ಗಾಲಿಗೆ ಸಿಗತಿ" ಎಂದು ಮೌನಪ್ಪ ಅರಚಿ, ಕಿಟಕಿಯಿಂದ ಕೈ ಹಾಕಿ ಮುದುಕಿಯ ಹೆಗಲನ್ನು ತಳ್ಳಿದ. ಬಸ್ಸು ಇನ್ನೂ ಹೊರಟಿರಲಿಲ್ಲ. ಅವಳು ಎಡವಿ ಹಿಂದೆ ಸರಿದಳು. ಸೆರಗು ಸರಿಮಾಡಿಕೊಳ್ಳುತ್ತ ಅವನನ್ನು ನೋಡಿದ ರೀತಿಗೆ ಮೌನಪ್ಪ ಮುಖ ತಿರುಗಿಸಿದ.

ರಾಯಚೂರಿನ ಕೋಟೆ ಗೋಡೆಯ ಪಕ್ಕದ ಬಯಲಿನಲ್ಲಿ ಆಟ. ಮಧ್ಯಾಹ್ನದ ಬಿಸಿಲಿಗೆ ಬಂಡೆಗಳು ಕಾದು ಝಳ ಬಿಡುತ್ತಿದ್ದವು. ಮಾನ್ವಿಯವರು ಲಾರಿಯಲ್ಲಿ ಬಂದಿದ್ದರು. ಹೊಸ ಹಳದಿ ಬನಿಯನ್ನಿನಲ್ಲಿ, ಎರಡೂ ಮೊಣಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಕನಕರಾಯ ಇಳಿದಾಗ ದೇವದುರ್ಗದ ಕಡೆಯಿಂದ ಚಪ್ಪಲಿ ಹಾರಿ ಬಂದವು. ಮೌನಪ್ಪನೂ ಎಸೆದ. ಅವನದು ಕನಕರಾಯನ ಬೆನ್ನಿಗೇ ಬಿತ್ತು. ಕನಕರಾಯ ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಸಾಕಿತ್ತು ಎನಿಸಿತು ಮೌನಪ್ಪನಿಗೆ, ಬೈದಿದ್ದರೆ ಇನ್ನೂ ಒಳ್ಳೆಯದಿತ್ತು.

ಮೊದಲ ದಾಳಿಯಲ್ಲೇ ಕನಕರಾಯ ಸುಂಕಪ್ಪನ ಎದೆಗೆ ಒದ್ದು ಮುಟ್ಟಿ ಹೋದ. ಎರಡನೆಯದರಲ್ಲಿ ಮೂವರು ಸುತ್ತಿಕೊಂಡರು. ಒಬ್ಬನ ಮೂಗು ಅವನ ಮೊಣಕೈಗೆ ಸಿಕ್ಕು ರಕ್ತ ಚಿಮ್ಮಿತು. ಉಳಿದವರನ್ನು ಎಳೆದುಕೊಂಡೇ ಅವನು ನಡುಗೆರೆಗೆ ಬಿದ್ದ. "ಮಾರಿಕೊಂಡಾಂವ, ಮಾರಿಕೊಂಡಾಂವ" ಎಂದು ದೇವದುರ್ಗದವರು ಕೂಗಿದರು. ಎಲ್ಲರಿಗಿಂತ ದೊಡ್ಡ ದನಿ ಮೌನಪ್ಪನದು. ಕಾಲು ಮುರೀರಿ, ಕೊಲ್ರಿ ಅವನ್ನ ಎಂದು ಕೂಗಿದ, ಗಂಟಲ ನರ ಉಬ್ಬಿ ಕಣ್ಣಲ್ಲಿ ನೀರು ಬರುವ ಹಾಗೆ ಕೂಗಿದ. ಆ ಹೊತ್ತಿಗೆ ಅವನಿಗೆ ಅದೇ ಬೇಕಾಗಿತ್ತು. ಮುರಿದ ಕಾಲು ಮತ್ತೆ ತನ್ನ ಹಿತ್ತಲಿಗೇ ಬರಬೇಕಲ್ಲ ಎಂಬ ಯೋಚನೆಯೂ ಹಾದುಹೋಯಿತು. ಅದಕ್ಕೆ ಅವನೇ ಹೆದರಿದ.

ಕನಕರಾಯ ಮತ್ತೆ ಬಂದ. ಹಾರಿದ. ಬಿದ್ದ. ಮೂಲೆಯಲ್ಲಿ ನಿಂತ ತಾಯಣ್ಣ ಅವನನ್ನು ಹಿಡಿಯಲು ನುಗ್ಗಲಿಲ್ಲ. ತಿರುಗಿ ಗೆರೆಯಾಚೆಗೆ, ಮೌನಪ್ಪನನ್ನೇ ನೋಡುತ್ತಿದ್ದ. ಕೇಳುತ್ತಿದ್ದಾನೆ ಎಂದುಕೊಂಡ ಮೌನಪ್ಪ. ಹೇಳುವುದಿಲ್ಲ ಎಂಬಂತೆ ತಲೆ ಅಲ್ಲಾಡಿಸಿದ. ಹೇಳಬಾರದೆಂದು ಆಗಲೇ, ಆ ಗಳಿಗೆಯಲ್ಲೇ ಗಟ್ಟಿ ಮಾಡಿಕೊಂಡ. ತಾಯಣ್ಣ ನಕ್ಕಂತಾಯಿತು.

ಮುಂದಿನ ದಾಳಿಯ ಹೊತ್ತಿಗೆ ಮತ್ತೆ ಒಳಗೆ ಬಂದಿದ್ದ ಸುಂಕಪ್ಪ ಪಾದ ಹಿಡಿದ, ಇನ್ನೊಬ್ಬ ಸೊಂಟ. ಕನಕರಾಯ ಕವುಚಿ ಬಿದ್ದು, ಉಸಿರು ಬಿಡದೆ, ನಡುಗೆರೆಯ ಕಡೆಗೆ ಬೆರಳು ಚಾಚಿದ. ತಾಯಣ್ಣ ಅವಸರ ಮಾಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಕಲ್ಲಿಗೆ ಸುತ್ತಿಗೆ ಬೀಸುವವನ ಹಾಗೆ ಎದ್ದು, ಎರಡೂ ಮೊಣಕಾಲೂರಿ ಎಡಗಾಲಿನ ಆ ಬಿಳಿ ಪಟ್ಟಿಯ ಮೇಲೆಯೇ ಬಿದ್ದ. ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ ದನಿ ಅರ್ಧಕ್ಕೆ ನಿಂತು ಬೇರೆಯೇ ದನಿಯಾಯಿತು. ಪಾದ ಒಂದು ಕಡೆ, ತೊಡೆ ಒಂದು ಕಡೆ ತಿರುಗಿತ್ತು.

ಮಾನ್ವಿಯವರು ಅಂಕಣದ ಗೂಟಗಳನ್ನು ಕಿತ್ತುಕೊಂಡು ನುಗ್ಗಿದರು. ದೇವದುರ್ಗದವರು ಕಲ್ಲು ಎತ್ತಿಕೊಂಡರು. ಸುಂಕಪ್ಪನ ತಲೆ ಒಡೆಯಿತು. ಯಾರದೋ ಹಲ್ಲು ಮರಳಿನಲ್ಲಿ ಬಿದ್ದಿತ್ತು. ಮೌನಪ್ಪ ಯಾರನ್ನು ಹೊಡೆಯುತ್ತಿದ್ದೇನೆಂದು ನೋಡದೆ ಹೊಡೆಯುತ್ತ, ತನ್ನವರನ್ನೂ ಹೊಡೆಯುತ್ತ, ನಡುವಿಗೆ ನುಗ್ಗಿದ. ಗೂಟವೊಂದು ಕಿವಿಯ ಮೇಲೆ ಬಿತ್ತು, ಆ ಕಡೆಯ ಸದ್ದೆಲ್ಲ ಆರಿಹೋಯಿತು. ತೆವಳಿಕೊಂಡು ಕನಕರಾಯನ ಹತ್ತಿರ ಹೋಗಿ ಪಟ್ಟಿಯ ಮೇಲೆ ಕೈ ಇಟ್ಟ. ಬೆರಳಿಗೆ ಚಿಪ್ಪು ಸಿಗಲಿಲ್ಲ. ಚೂರುಗಳು ಸಿಕ್ಕವು.

ಕನಕರಾಯ ಕಣ್ಣು ತೆರೆದ. ಬಾಯಿ ತುಂಬ ಮರಳು.

"ಇಲ್ಲಿ ನಿನ್ನ ಬಿಟ್ಟು ಯಾರಿಗೂ ಗೊತ್ತಿದ್ದಿಲ್ಲ" ಎಂದ. ಆಮೇಲೆ, "ಕೈ ತೆಗಿ" ಎಂದ.

ಅಷ್ಟರಲ್ಲಿ ಪೊಲೀಸರ ಲಾಠಿ ಮೌನಪ್ಪನ ಬೆನ್ನಿಗೆ ಬಿತ್ತು. ಅವನು ಕೈ ತೆಗೆದ.

ಆಟ ಯಾರು ಗೆದ್ದರೆಂದು ಯಾರೂ ಹೇಳಲಿಲ್ಲ. ಸಂಜೆಯ ಬಸ್ಸಿನಲ್ಲಿ ತಾಯಣ್ಣ ತಾನಾಗಿ ಬಂದು ಪಕ್ಕದಲ್ಲಿ ಕೂತ. ಅವನ ಗೆಣ್ಣುಗಳು ಸುಲಿದಿದ್ದವು. ಮೌನಪ್ಪನಿಗೆ ಕೇಳುವ ಕಿವಿಯ ಕಡೆಯೇ ಬಾಯಿ ತಂದು ಅಂದ: "ಹಿಂಗ್ಯಾಕ ಕುಂತಿ? ನೀ ಹೇಳಲಿಲ್ಲಪ. ನಾ ಯಾರ ಮುಂದ ಬೇಕಾದ್ರೂ ಅಂತೀನಿ, ಮೌನಪ್ಪ ಬಾಯಿ ಬಿಡಲಿಲ್ಲ ಅಂತ."

"ಮತ್ತ ನಿನಗ ಹ್ಯಾಂಗ..."

"ಕೆಳಗ ನೋಡ್ಕೋ."

ಮೌನಪ್ಪ ನೋಡಿಕೊಂಡ. ಬಸ್ಸು ಗುಂಡಿಗೆ ಇಳಿದು ಏರುತ್ತಿತ್ತು. ಅವನ ಎರಡೂ ಕೈಗಳು ತನ್ನ ಎಡ ಮೊಣಕಾಲನ್ನು ಬಿಗಿಯಾಗಿ ಹಿಡಿದಿದ್ದವು.

"ಅವ ಹಾರಿದಾಗೆಲ್ಲ ಹಿಂಗೇ ಹಿಡಕೋತಿದ್ದಿ. ಇಷ್ಟು ವರ್ಷ ನೋಡಿ ನಕ್ಕೀವಿ, ತಿಳದಿದ್ದಿಲ್ಲ. ಇವತ್ತು ತಿಳೀತು. ಕೊಲ್ರಿ ಅವನ್ನ ಅಂತ ಒದರಾಕತ್ತಿದ್ದಿ, ಕೈ ಮಾತ್ರ ಅಲ್ಲೇ" ಎಂದು ತಾಯಣ್ಣ ಅವನ ಬೆನ್ನು ತಟ್ಟಿದ. ಗಬ್ಬೂರಿನಲ್ಲಿ ಬಸ್ಸು ನಿಂತಾಗ ಮೌನಪ್ಪ ಸೀಟಿನ ಕೆಳಗೆ ತಲೆ ಬಗ್ಗಿಸಿ ಕೂತ.

ಕನಕರಾಯ ಮತ್ತೆ ಆಡಲಿಲ್ಲ. ಮಿಲ್ಲಿನವರು ಅವನನ್ನು ತಕ್ಕಡಿಯ ಪಕ್ಕ ಸ್ಟೂಲು ಹಾಕಿ ಕೂಡಿಸಿದರು. ಮುರಿದ ಕಾಲು ಮಡಚುತ್ತಿರಲಿಲ್ಲ, ಸದಾ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಮೂಟೆ ಹೊತ್ತು ಬರುವವರು ಅದನ್ನು ದಾಟಿ ಹೋಗಬೇಕು. ಹಳೇಪೇಟೆಯ ತಂಡವೂ ಬಹಳ ಕಾಲ ಉಳಿಯಲಿಲ್ಲ. ಮರಳಿನ ಅಂಕಣದಲ್ಲಿ ಜಾಲಿ ಬೆಳೆಯಿತು.

ಎಂಬತ್ತಾರರಲ್ಲಿ ಭತ್ತದ ಹಂಗಾಮಿಗೆಂದು ಮೌನಪ್ಪ ಮಾನ್ವಿಗೆ ಹಮಾಲಿಗೆ ಹೋದ. ಆ ಮಿಲ್ಲಿಗೇ ಹೋಗಬೇಕೆಂದಿರಲಿಲ್ಲ, ಬೇಡವೆಂದೂ ಇರಲಿಲ್ಲ. ಮೂಟೆ ಹೊತ್ತು ಆ ಚಾಚಿದ ಕಾಲನ್ನು ದಾಟಿದ. ಕನಕರಾಯ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದ. "ಇಡು" ಎಂದ. ಇಟ್ಟ. "ಎತ್ತು" ಎಂದ. ಎತ್ತಿದ. ಹಂಗಾಮು ಮುಗಿಯುವ ತನಕ ಅವರ ನಡುವೆ ಆ ಎರಡು ಮಾತೇ ನಡೆದವು.

ತಾನು ಹೇಳಲಿಲ್ಲವೆಂದು ಮೌನಪ್ಪ ಕನಕರಾಯನಿಗೆ ಯಾವತ್ತೂ ಹೇಳಲಿಲ್ಲ.